ಹಾಡು ಯಾರದ್ದೆಂದು ಯಂತ್ರಕ್ಕೆ ಯಾರು ಹೇಳಬೇಕು?

2022ರ ನವೆಂಬರ್ 24ರಂದು ‘ಕಾಂತಾರ’ ಅಮೆಜಾನ್ ಪ್ರೈಮ್‌ಗೆ ಬಂತು. ಚಿತ್ರಮಂದಿರದಲ್ಲಿ ಎರಡೆರಡು ಸಲ ನೋಡಿ ಬಂದಿದ್ದವರು ಮನೆಯಲ್ಲಿ ಮತ್ತೆ ಹಾಕಿಕೊಂಡು ಕೂತರೆ, ‘ವರಾಹ ರೂಪಂ’ ಹಾಡಿನ ಹೊತ್ತಿಗೆ ಕಿವಿಗೆ ಏನೋ ಒಗ್ಗಲಿಲ್ಲ. ಮಾತು ಅದೇ, ಧಾಟಿ ಬೇರೆ. ಕೇರಳದ ‘ತೈಕ್ಕುಡಂ ಬ್ರಿಡ್ಜ್’ ತಂಡ ಈ ಹಾಡು ತನ್ನ ‘ನವರಸಂ’ ಗೀತೆಯ ನಕಲು ಎಂದು ದೂರಿ ಕೋಳಿಕ್ಕೋಡಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತ್ತು. ಚಿತ್ರತಂಡ ಆರೋಪವನ್ನು ಒಪ್ಪಿರಲಿಲ್ಲ. ಡಿಸೆಂಬರಿನಲ್ಲಿ ತಡೆ ತೆರವಾಗಿ ಹಳೆಯ ಧಾಟಿ ವಾಪಸ್ ಬಂತು. ವ್ಯಾಜ್ಯ ಮಾತ್ರ ಅಲ್ಲಿಗೆ ನಿಲ್ಲದೆ ಕೇರಳ ಹೈಕೋರ್ಟ್ ದಾಟಿ 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಆ ವ್ಯಾಜ್ಯದ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಕೃತಿಸ್ವಾಮ್ಯ ಕಾಯ್ದೆಯ ಒಂದು ಮುಖ್ಯ ಸಂಗತಿಯನ್ನು ಲಕ್ಷಾಂತರ ಕನ್ನಡಿಗರು ಆ ಕೆಲವು ದಿನ ತಮ್ಮ ಕಿವಿಯಿಂದಲೇ ಕೇಳಿದರು. ಶಶಿರಾಜ್ ಕಾವೂರರ ಸಾಹಿತ್ಯದ ಮೇಲೆ ಯಾರೂ ತಕರಾರು ಎತ್ತಿರಲಿಲ್ಲ, ಅದು ಉಳಿಯಿತು. ಅಜನೀಶ್ ಲೋಕನಾಥರ ಸಂಗೀತದ ಮೇಲೆ ತಕರಾರಿತ್ತು, ಅದನ್ನು ತೆಗೆಯಬೇಕಾಯಿತು. ನಾವು ಒಂದೇ ಉಸಿರಿನಲ್ಲಿ ‘ಹಾಡು’ ಎಂದು ಕರೆಯುವುದನ್ನು 1957ರ ಕಾಯ್ದೆ ಒಂದು ವಸ್ತುವಾಗಿ ನೋಡುವುದೇ ಇಲ್ಲ. ಬರೆದ ಸಾಹಿತ್ಯ ಒಂದು ಕೃತಿ. ಅದಕ್ಕೆ ಕೂಡಿಸಿದ ಧಾಟಿ ಇನ್ನೊಂದು ಕೃತಿ. ಇವೆರಡನ್ನೂ ಹಾಡಿಸಿ ಮುದ್ರಿಸಿಕೊಂಡ ಧ್ವನಿಮುದ್ರಿಕೆ ಮೂರನೆಯದು. ಹಾಡಿದವರಿಗೂ ವಾದ್ಯ ನುಡಿಸಿದವರಿಗೂ ಕಲಾವಿದರ ಹಕ್ಕು ಅಂತ ಬೇರೆಯೇ ಇದೆ. ಒಂದೊಂದಕ್ಕೂ ಒಡೆಯರು ಬೇರೆ, ಅವಧಿ ಬೇರೆ.

ಶಿಶುನಾಳ ಶರೀಫರ ಒಂದು ತತ್ವಪದವನ್ನೇ ತೆಗೆದುಕೊಳ್ಳೋಣ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಸಾಹಿತ್ಯ ನಾಡಿಗೆಲ್ಲ ಸೇರಿದ್ದು. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಡಬಹುದು, ಸಿನಿಮಾಕ್ಕೆ ಬಳಸಬಹುದು. ಆದರೆ ಅದೇ ಪದಕ್ಕೆ ಸಿ. ಅಶ್ವಥ್ ಕೂಡಿಸಿದ ಧಾಟಿ ಹಾಗಲ್ಲ. ಅಶ್ವಥ್ ನಮ್ಮನ್ನು ಅಗಲಿದ್ದು 2009ರ ಡಿಸೆಂಬರಿನಲ್ಲಿ. ನಮ್ಮ ಕಾಯ್ದೆಯಂತೆ ಕೃತಿಕಾರ ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಅಂದರೆ ಆ ಧಾಟಿಯ ಹಕ್ಕು 2069ರ ಕೊನೆಯವರೆಗೆ. ಕ್ಯಾಸೆಟ್ಟಿಗಾಗಿ ಮಾಡಿದ ಧ್ವನಿಮುದ್ರಣದ ಲೆಕ್ಕ ಮತ್ತೊಂದು, ಅದು ಪ್ರಕಟವಾದ ವರ್ಷದಿಂದ 60 ವರ್ಷ. ‘ಸಂಧ್ಯಾರಾಗ’ ಚಿತ್ರ ತೆರೆಕಂಡದ್ದು 1966ರಲ್ಲಿ. ಆ ವರ್ಷ ಹೊರಬಂದ ಅದರ ಧ್ವನಿಮುದ್ರಿಕೆಗಳ ಹಕ್ಕು 2026ರ ಕೊನೆಗೆ ಮುಗಿದರೂ ಹಾಡುಗಳ ಧಾಟಿಯ ಹಕ್ಕು ಮುಗಿಯುವುದಿಲ್ಲ. ಬೇಂದ್ರೆಯವರ ಸಾಹಿತ್ಯಕ್ಕೆ 2041ರವರೆಗೆ ಕೃತಿಸ್ವಾಮ್ಯವಿದೆ, ಕುವೆಂಪು ಅವರದಕ್ಕೆ 2054ರವರೆಗೆ. ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಾದರೂ ಕೆ.ಎಸ್. ನರಸಿಂಹಸ್ವಾಮಿಯವರು 2003ರವರೆಗೆ ಬದುಕಿದ್ದರಿಂದ ಅದರ ಹಕ್ಕು 2063ರ ತನಕ ಇದ್ದೇ ಇದೆ.

ಇಷ್ಟು ವಿವರ ಏಕೆಂದರೆ, ಡಿಜಿಟಲ್ ಕಾಲದ ಸಂಗೀತ ಮತ್ತು ಕೃತಿಸ್ವಾಮ್ಯ ಎಂದ ಕೂಡಲೇ ಮಾತು ಪೈರಸಿಯ ಕಡೆಗೆ ತಿರುಗುತ್ತದೆ. ಕದ್ದು ಡೌನ್‌ಲೋಡ್ ಮಾಡುವುದು, ಪೆನ್‌ಡ್ರೈವಿನಲ್ಲಿ ತುಂಬಿಕೊಡುವುದು, ಇವೆಲ್ಲ ಇದ್ದದ್ದೇ. ಅಗ್ಗದ ಡೇಟಾ ಮತ್ತು ಪುಕ್ಕಟೆ ಆ್ಯಪ್‌ಗಳು ಬಂದ ಮೇಲೆ ಕದಿಯುವ ಅಗತ್ಯವೂ ಬಹುಮಟ್ಟಿಗೆ ಕಡಿಮೆಯಾಯಿತು. ಕನ್ನಡ ಸಂಗೀತಕ್ಕೆ, ಅದರಲ್ಲೂ ಭಾವಗೀತೆ, ದಾಸರ ಪದ, ಜನಪದ ಗೀತೆಗಳಿಗೆ ಇಂದು ಆಗುತ್ತಿರುವ ನಷ್ಟದ ಮೂಲ ಬೇರೆ ಕಡೆ ಇದೆ. ಹಾಡಿನ ಜೊತೆ ಹೆಸರುಗಳು ಪ್ರಯಾಣ ಮಾಡುತ್ತಿಲ್ಲ. ಹೆಸರು ಎಲ್ಲಿ ಕಳಚಿತೋ ಅಲ್ಲಿಂದ ಹಣವೂ ಕಳಚುತ್ತದೆ, ಹಕ್ಕೂ ಕಳಚುತ್ತದೆ.

ಆಕಾಶವಾಣಿ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾದೀತು. ಭಾವಗೀತೆ ಶುರುವಾಗುವ ಮುನ್ನ ಉದ್ಘೋಷಕರು ಸಾಹಿತ್ಯ ಯಾರದ್ದು, ಸಂಗೀತ ಸಂಯೋಜನೆ ಯಾರದ್ದು, ಹಾಡಿದವರು ಯಾರು ಎಂದು ಹೇಳುತ್ತಿದ್ದರು. ಕ್ಯಾಸೆಟ್ಟಿನ ಒಳಗೆ ಮಡಿಸಿಟ್ಟ ಕಾಗದದಲ್ಲೂ ಈ ಮೂರು ಹೆಸರು ಇರುತ್ತಿದ್ದವು. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ ಕೊಂಡವರಿಗೆ ಕವಿತೆ ನಿಸಾರ್ ಅಹಮದರದ್ದು, ಧಾಟಿ ಮೈಸೂರು ಅನಂತಸ್ವಾಮಿಯವರದ್ದು ಎಂಬುದು ಗೊತ್ತಿತ್ತು. ಇಂದು ಫೋನಿನಲ್ಲಿ ಒಂದು ಭಾವಗೀತೆ ಹಾಕಿ ನೋಡಿ. ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಗಾಯಕರ ಹೆಸರು ಮತ್ತು ಆಲ್ಬಮ್ಮಿನ ಹೆಸರು. ಮೂರು ಚುಕ್ಕೆ ಒತ್ತಿ, ಇನ್ನೊಂದು ಪುಟ ತೆರೆದರೆ ಕೆಲವು ಹಾಡುಗಳಲ್ಲಿ ಕವಿಯ ಹೆಸರು ಸಿಕ್ಕೀತು. ಎಷ್ಟೋ ಹಾಡುಗಳಲ್ಲಿ ಸಾಹಿತ್ಯದ ಜಾಗದಲ್ಲೂ ಗಾಯಕರ ಹೆಸರೇ ತುಂಬಿರುತ್ತದೆ, ಇಲ್ಲವೆ ‘ಸಾಂಪ್ರದಾಯಿಕ’ ಎಂದು ಹಾಕಿ ಕೈತೊಳೆದುಕೊಂಡಿರುತ್ತಾರೆ.

ಇದರಲ್ಲಿ ಕಾಯ್ದೆಯ ಪಾಲೂ ಇದೆ. ಧ್ವನಿಮುದ್ರಿಕೆಯ ಮೇಲೆ ಏನೇನು ಅಚ್ಚಾಗಬೇಕು ಎಂದು ಹೇಳುವ ಕಲಂ 52ಎ ಕೇಳುವುದು ಮುದ್ರಣ ಮಾಡಿದವರ ಹೆಸರು ವಿಳಾಸ, ಅದರ ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಕವಿಯ ಹೆಸರನ್ನೂ ಸಂಗೀತ ಕೂಡಿಸಿದವರ ಹೆಸರನ್ನೂ ಅದು ಕೇಳುವುದಿಲ್ಲ. ಅದೇ ಕಾಯ್ದೆಯ ಕಲಂ 57 ಮಾತ್ರ ಕೃತಿಕಾರರಿಗೆ ಒಂದು ದೊಡ್ಡ ಹಕ್ಕು ಕೊಟ್ಟಿದೆ. ಕೃತಿಸ್ವಾಮ್ಯವನ್ನು ಪೂರ್ತಿ ಮಾರಿಬಿಟ್ಟ ಮೇಲೂ ‘ಇದು ನಾನು ಬರೆದದ್ದು’ ಎಂದು ಹೇಳಿಕೊಳ್ಳುವ, ಅದನ್ನು ವಿಕಾರಗೊಳಿಸಿ ತನ್ನ ಗೌರವಕ್ಕೆ ಕುಂದು ತಂದರೆ ತಡೆಯುವ ಹಕ್ಕು ಅವರ ಬಳಿಯೇ ಉಳಿಯುತ್ತದೆ. ಒಪ್ಪಂದದ ಕಾಗದಕ್ಕೆ ಅದನ್ನು ಕಿತ್ತುಕೊಳ್ಳುವ ಶಕ್ತಿಯಿಲ್ಲ. ಕವಿಯ ಹೆಸರಿಲ್ಲದೆ ಹಾಡು ಹರಿದಾಡುವುದು ಈ ಕಲಮಿನ ಆಶಯಕ್ಕೆ ನೇರ ವಿರುದ್ಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿನಿಂದ ಹಣಕ್ಕೆ ಬರೋಣ. ಕನ್ನಡ ಸಿನಿಮಾದ ಹಳೆಯ ಗೀತರಚನಕಾರರು, ಸಂಗೀತ ನಿರ್ದೇಶಕರು ಒಂದು ಹಾಡಿಗೆ ಒಂದು ಸಲ ಸಂಭಾವನೆ ತೆಗೆದುಕೊಂಡರೆ ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಹಾಡು 40 ವರ್ಷ ರೇಡಿಯೊದಲ್ಲಿ ಬಂದರೂ ಅವರ ಮನೆಗೆ ಏನೂ ಬರುತ್ತಿರಲಿಲ್ಲ. ಇದಕ್ಕೆ ಕಾನೂನಿನ ಮುದ್ರೆ ಬಿದ್ದದ್ದು 1977ರಲ್ಲಿ. ಚಿತ್ರಕ್ಕಾಗಿ ಹಣ ಕೊಟ್ಟು ಬರೆಸಿದ, ಕೂಡಿಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿನ ಕೊನೆಗೆ ಒಂದು ಟಿಪ್ಪಣಿ ಸೇರಿಸಿ, ಹಾಡಿದವರಿಗೆ ನಮ್ಮ ಕಾಯ್ದೆಯಲ್ಲಿ ಜಾಗವೇ ಇಲ್ಲವಲ್ಲ ಎಂದು ಸಂಸತ್ತಿನ ಗಮನ ಸೆಳೆದರು. ಕಲಾವಿದರ ಹಕ್ಕು ಕಾಯ್ದೆಗೆ ಸೇರಲು 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಬರೆದವರ, ಸಂಗೀತ ಕೂಡಿಸಿದವರ ಪಾಲಿಗೆ ದೊಡ್ಡ ತಿರುವು 2012ರದು. ಆಗ ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಗೀತರಚನಕಾರರ ಪರವಾಗಿ ಹಟ ಹಿಡಿದು ವಾದಿಸಿದರು. ಮೇ ತಿಂಗಳಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಒಂದು ಗಟ್ಟಿ ನಿಯಮ ತಂದಿತು. ಗೀತರಚನಕಾರ ಮತ್ತು ಸಂಗೀತ ಸಂಯೋಜಕ ಕೃತಿಸ್ವಾಮ್ಯವನ್ನು ಬಿಟ್ಟುಕೊಟ್ಟರೂ ಅದರ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲಾಗದು. ಅದನ್ನು ತನ್ನ ವಾರಸುದಾರರಿಗೆ ಅಥವಾ ನೋಂದಾಯಿತ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಬರುವಾಗ ಈ ಪಾಲು ಸಿಗುವುದಿಲ್ಲ. ಉಳಿದ ಕಡೆ ಸಿಗಬೇಕು. ಆದರೂ ಎಫ್‌ಎಂ ಕೇಂದ್ರಗಳು ‘ನಾವು ಮುದ್ರಿಕೆಯ ಒಡೆಯರಿಗೆ ಕೊಡುತ್ತೇವೆ, ಬರೆದವರಿಗೆ ಬೇರೆ ಏಕೆ?’ ಎಂದು ವಾದಿಸುತ್ತಲೇ ಬಂದವು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಸಾಹಿತ್ಯ, ಸಂಗೀತಗಳ ರಾಯಧನವನ್ನು ಐಪಿಆರ್‌ಎಸ್‌ಗೆ ಪ್ರತ್ಯೇಕವಾಗಿ ಕೊಡಲೇಬೇಕೆಂದಿತು. ಐಪಿಆರ್‌ಎಸ್ ಎಂದರೆ 1969ರಲ್ಲಿ ಹುಟ್ಟಿದ, ಗೀತರಚನಕಾರರು, ಸಂಯೋಜಕರು ಮತ್ತು ಪ್ರಕಾಶಕರ ಪರವಾಗಿ ರಾಯಧನ ವಸೂಲಿ ಮಾಡಿ ಹಂಚುವ ಸಂಘ. ಗಾಯಕರೂ 2013ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಕಾಯ್ದೆ ಬಂತು, ತೀರ್ಪು ಬಂತು, ಸಂಘವೂ ಇದೆ. ಆದರೆ ಹಂಚುವುದು ಯಾರಿಗೆ? ಈ ಪ್ರಶ್ನೆಗೆ ಉತ್ತರ ಕೊಡುವುದು ಈಗ ಮನುಷ್ಯರಲ್ಲ, ದತ್ತಾಂಶ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ, ಅಂಕಿಗಳ ಸಂಕೇತವಿರುತ್ತದೆ. ಹಾಡು ಎಲ್ಲಿ ಎಷ್ಟು ಸಲ ಓಡಿತು ಎಂಬ ಲೆಕ್ಕ ಅದರ ಮೇಲೆ ಬರುತ್ತದೆ. ಸಾಹಿತ್ಯ ಮತ್ತು ಸಂಗೀತದ ಕೃತಿಗೆ ಐಎಸ್‌ಡಬ್ಲ್ಯೂಸಿ ಎಂಬ ಬೇರೆ ಸಂಕೇತ. ಈ ಎರಡಕ್ಕೂ ಗಂಟು ಬಿದ್ದರೆ ಮಾತ್ರ ಹಾಡು ಓಡಿದ ಲೆಕ್ಕದಿಂದ ಕವಿಗೆ, ಸಂಯೋಜಕರಿಗೆ ಸೇರಬೇಕಾದ ಹಣ ಹೊರಡುತ್ತದೆ. ಗಂಟು ಬೀಳದಿದ್ದರೆ ಹಣ ವಾರಸುದಾರರಿಲ್ಲದ ಖಾತೆಯಲ್ಲಿ ಕೂತಿರುತ್ತದೆ.

ಕನ್ನಡದಲ್ಲಿ ಈ ಗಂಟು ಬೀಳದಿರುವುದಕ್ಕೆ ನಮ್ಮದೇ ಆದ ಕಾರಣಗಳೂ ಇವೆ. ನಮ್ಮ ಕವಿಗಳಿಗೆ ಕಾವ್ಯನಾಮ. ದ.ರಾ. ಬೇಂದ್ರೆ ಎಂದೂ ಬರೆಯುತ್ತಾರೆ, ಅಂಬಿಕಾತನಯದತ್ತ ಎಂದೂ ಬರೆಯುತ್ತಾರೆ. ಇನಿಷಿಯಲ್ ಮೊದಲೋ ಆಮೇಲೋ, ಚುಕ್ಕೆ ಇದೆಯೋ ಇಲ್ಲವೋ, ಇಂಗ್ಲಿಷ್ ಅಕ್ಷರದಲ್ಲಿ ದೀರ್ಘಕ್ಕೆ ಎರಡು ‘ಎ’ ಹಾಕಬೇಕೋ ಒಂದೋ, ಒಬ್ಬೊಬ್ಬರದು ಒಂದೊಂದು ರೀತಿ. ಓದುವ ಮನುಷ್ಯನಿಗೆ ಇವೆಲ್ಲ ಒಬ್ಬರೇ. ಯಂತ್ರಕ್ಕೆ ಹಾಗಲ್ಲ, ಬರೆದಷ್ಟು ಬಗೆಯಲ್ಲಿ ಅಷ್ಟು ಕವಿಗಳು. ಎಲ್ಲ ಕಾವ್ಯನಾಮಗಳನ್ನೂ ಒಂದೇ ಸಂಖ್ಯೆಗೆ ಕಟ್ಟುವ ವ್ಯವಸ್ಥೆ ಜಗತ್ತಿನ ಕೃತಿಸ್ವಾಮ್ಯ ಸಂಘಗಳಲ್ಲಿದೆ, ಆದರೆ ಅದಕ್ಕೆ ಕವಿ ಅಥವಾ ಕವಿಯ ಮನೆಯವರು ಸಂಘದ ಸದಸ್ಯರಾಗಿರಬೇಕು. ಭಾವಗೀತೆಯ ಲೋಕದಲ್ಲಿ ಇದು ಗೊತ್ತಿರುವವರು ಕಡಿಮೆ. ಕವಿತೆ ಬರೆದವರಿಗೆ ತಾವು ‘ಗೀತರಚನಕಾರರು’ ಎಂಬ ಭಾವನೆಯೇ ಇರುವುದಿಲ್ಲ. ಧಾಟಿ ಕೂಡಿಸಿದವರು ಬರೆದಿಟ್ಟುಕೊಂಡಿರುವುದಿಲ್ಲ.

ಇನ್ನು ಹಕ್ಕಿನ ಮಾತು. ಯೂಟ್ಯೂಬ್ 2007ರಲ್ಲಿ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ ತಂದಿತು. ಹಕ್ಕುದಾರರು ತಮ್ಮ ಧ್ವನಿಮುದ್ರಣಗಳನ್ನು ಅದಕ್ಕೆ ಒಪ್ಪಿಸುತ್ತಾರೆ. ಹೊಸದಾಗಿ ಏರುವ ಪ್ರತಿ ವಿಡಿಯೊವನ್ನೂ ಯಂತ್ರ ಆ ಸಂಗ್ರಹದ ಜೊತೆ ತಾಳೆ ನೋಡುತ್ತದೆ. ಮುದ್ರಣ ಹೊಂದಿದರೆ ಸರಿ, ಬರೀ ಧಾಟಿ ಹೊಂದಿದರೂ ಹಿಡಿಯುವಷ್ಟು ಅದರ ಕಿವಿ ಚುರುಕಾಗಿದೆ. ಶಿವಮೊಗ್ಗದ ಒಬ್ಬ ಹುಡುಗಿ ತಂಬೂರಿ ಶ್ರುತಿ ಹಾಕಿಕೊಂಡು ಪುರಂದರದಾಸರ ಒಂದು ಪದ ಹಾಡಿ ಯೂಟ್ಯೂಬಿಗೆ ಏರಿಸಿದಳು ಎಂದು ಇಟ್ಟುಕೊಳ್ಳಿ. ದಾಸರು ಹರಿಪಾದ ಸೇರಿದ್ದು 1564ರಲ್ಲಿ. ಕೆಲವೇ ನಿಮಿಷದಲ್ಲಿ ಅವಳ ಖಾತೆಗೆ ಸೂಚನೆ ಬರುತ್ತದೆ: ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ ಇರುವುದು ಇಂಥ ಕಂಪನಿಯ ಸ್ವತ್ತು, ಈ ವಿಡಿಯೊಗೆ ಜಾಹೀರಾತು ಬಂದರೆ ಹಣ ಅವರಿಗೆ. ಅವಳು ತಕರಾರು ಸಲ್ಲಿಸಬಹುದು. ಉತ್ತರ ಕೊಡಲು ಎದುರಿನವರಿಗೆ 30 ದಿನ. ಅವರು ‘ನಮ್ಮದೇ’ ಎಂದರೆ ಅವಳು ಮೇಲ್ಮನವಿ ಹಾಕಬೇಕು. ಅದನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಅವಳ ಚಾನೆಲ್ಲಿಗೆ ಒಂದು ‘ಸ್ಟ್ರೈಕ್’. 90 ದಿನದೊಳಗೆ ಅಂಥ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಹಾಡಲು ಕಲಿಯುತ್ತಿರುವ ಹುಡುಗಿ ಇಷ್ಟು ದೂರ ಹೋಗುತ್ತಾಳೆಯೇ? ಮೊದಲ ಸೂಚನೆಗೇ ಹೆದರಿ ವಿಡಿಯೊ ಅಳಿಸುತ್ತಾಳೆ, ಇಲ್ಲವೆ ಹಣ ಹೋದರೆ ಹೋಗಲಿ ಎಂದು ಸುಮ್ಮನಾಗುತ್ತಾಳೆ. ಕಂಪನಿಯ ಸುಳ್ಳು ಹಕ್ಕು ಅಲ್ಲಿಗೆ ನಿಜವಾಗಿಬಿಡುತ್ತದೆ.

ಪ್ರತಿ ಸಲವೂ ಕಂಪನಿಯದೇ ತಪ್ಪು ಎಂದು ಹೇಳಿದರೆ ಅದೂ ಸರಿಯಾಗದು. ದಾಸರ ಸಾಹಿತ್ಯ ಹಳೆಯದಾದರೂ ನಾವು ಇಂದು ಹಾಡುವ ಎಷ್ಟೋ ಧಾಟಿಗಳು 20ನೇ ಶತಮಾನದ ವಿದ್ವಾಂಸರು ಕೂಡಿಸಿದವು. ಅಂಥ ಧಾಟಿಯನ್ನು ಹಾಡಿದರೆ ಅದನ್ನು ಕೂಡಿಸಿದವರ ಹಕ್ಕು ನಿಜಕ್ಕೂ ಬರುತ್ತದೆ. ಆದರೆ ಯಾವ ಧಾಟಿ ಯಾರದ್ದು ಎಂಬ ದಾಖಲೆ ಇಲ್ಲದೆ, ಯಾರು ಮೊದಲು ಮುದ್ರಿಸಿ ಯಂತ್ರಕ್ಕೆ ಒಪ್ಪಿಸಿದರೋ ಅವರೇ ಒಡೆಯರಂತೆ ನಡೆಯುತ್ತಿದೆ. ಹಣ ಧಾಟಿ ಕೂಡಿಸಿದ ವಿದ್ವಾಂಸರಿಗೂ ಇಲ್ಲ, ಹಾಡಿದ ಹುಡುಗಿಗೂ ಇಲ್ಲ.

ಜನಪದದಲ್ಲಿ ಇದು ಇನ್ನೂ ನೋವಿನ ಸಂಗತಿ. ಮಾದಪ್ಪನ ಪದಗಳನ್ನು ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಅದರಲ್ಲೊಂದನ್ನು ಸಿನಿಮಾದವರೋ ಆಲ್ಬಮ್ಮಿನವರೋ ಎತ್ತಿಕೊಂಡು, ಕೀಬೋರ್ಡು ಡ್ರಮ್ಮು ಸೇರಿಸಿ ಮುದ್ರಿಸುತ್ತಾರೆ. ಆ ಮುದ್ರಣಕ್ಕೆ ಅವರಿಗೆ ಹಕ್ಕಿದೆ, ಅವರು ಹೊಸದಾಗಿ ಸೇರಿಸಿದ ಭಾಗಕ್ಕೂ ಇರಬಹುದು. ಮೂಲ ಪದಕ್ಕೆ ಎಳ್ಳಷ್ಟೂ ಇಲ್ಲ. ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಪದದ ನಿಜವಾದ ವಾರಸುದಾರರು ತಮ್ಮ ಮನೆಯ ಜಗಲಿಯಲ್ಲಿ ಕೂತು ಹಾಡಿದ್ದನ್ನೇ ಅದು ಪರರ ಸ್ವತ್ತೆಂದು ಗುರುತಿಸುವ ಸಾಧ್ಯತೆ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಒಬ್ಬ ವ್ಯಕ್ತಿ ರಚಿಸಿದ್ದನ್ನು ಕಾಯಲು ಹುಟ್ಟಿದ್ದು. ಒಂದು ಸಮುದಾಯ ಕಾಪಾಡಿಕೊಂಡು ಬಂದದ್ದಕ್ಕೆ ಅದರಲ್ಲಿ ರಕ್ಷಣೆಯ ಕಲಂ ಇಲ್ಲ.

ಬಾಯಿಂದ ಬಾಯಿಗೆ ಬರುವ ಶಾಸ್ತ್ರೀಯ ಸಂಗೀತವೂ ಇದೇ ಇಕ್ಕಟ್ಟಿನಲ್ಲಿದೆ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ‘ವೀರ ರಾಜ ವೀರ’ ಹಾಡು ಧ್ರುಪದ್ ಗಾಯಕರಾದ ಜೂನಿಯರ್ ಡಾಗರ್ ಸಹೋದರರ ‘ಶಿವ ಸ್ತುತಿ’ಯ ನಕಲು ಎಂದು ಡಾಗರ್ ಮನೆತನದವರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಎ.ಆರ್. ರೆಹಮಾನ್ ಮತ್ತು ನಿರ್ಮಾಪಕರಿಗೆ 2 ಕೋಟಿ ರೂಪಾಯಿ ಠೇವಣಿ ಇಡಲು, ಹಾಡಿನ ಜೊತೆ ಡಾಗರ್ ಸಹೋದರರ ಹೆಸರು ಹಾಕಲು ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಕಾರಣವನ್ನು ಗಮನಿಸಬೇಕು. ಡಾಗರ್ ಸಹೋದರರು ಅದನ್ನು ಹಾಡಿದ್ದರು ಎಂದು ತೋರಿಸಿದ ಮಾತ್ರಕ್ಕೆ ಅವರೇ ರಚಿಸಿದರೆಂದು ತೋರಿಸಿದಂತಾಗುವುದಿಲ್ಲ ಎಂದಿತು ಪೀಠ. ಧಾರವಾಡದಲ್ಲಾಗಲಿ ಮೈಸೂರಿನಲ್ಲಾಗಲಿ ಗುರುಮುಖದಿಂದ ಬಂದ ಬಂದಿಶು, ಕೃತಿಗಳನ್ನು ಹಾಡುವ ಮನೆತನಗಳು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ರಾಗ ಎಲ್ಲರದ್ದು, ಅದರಲ್ಲಿ ಕಟ್ಟಿದ ರಚನೆ ಕಟ್ಟಿದವರದ್ದು. ಕಟ್ಟಿದ್ದು ಇಂಥವರು, ಇಂಥ ಕಾಲದಲ್ಲಿ ಎಂದು ತೋರಿಸುವ ಒಂದು ಹಾಳೆ, ಒಂದು ಹಳೆಯ ಮುದ್ರಣ ಇಲ್ಲದಿದ್ದರೆ ನ್ಯಾಯಾಲಯ ಕೈಹಿಡಿಯುವುದು ಕಷ್ಟ.

ಮುದ್ರಣಗಳ ವಿಷಯಕ್ಕೆ ಬಂದರೆ ಕ್ಯಾಸೆಟ್ ಕಾಲದ ದೊಡ್ಡ ಭಂಡಾರವೊಂದು ಅನಾಥವಾಗಿ ಬಿದ್ದಿದೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಊರೂರಲ್ಲಿ ಹುಟ್ಟಿದ ಸಣ್ಣ ಕ್ಯಾಸೆಟ್ ಕಂಪನಿಗಳು ಬಾಗಿಲು ಹಾಕಿದವು. ಭಜನೆ, ಗೀಗೀ ಪದ, ರಂಗಗೀತೆ, ತಾಳಮದ್ದಳೆಗಳ ಮೂಲ ಟೇಪು ಯಾರ ಬಳಿ ಇದೆಯೋ ಹೇಳುವವರಿಲ್ಲ. ಇವತ್ತು ಆ ಭಂಡಾರದಲ್ಲಿ ಏನಾದರೂ ಉಳಿದಿದ್ದರೆ ಅದು ಅಭಿಮಾನಿಗಳಿಂದ. ಅಟ್ಟದ ಮೇಲಿನ ಕ್ಯಾಸೆಟ್ಟು ತೆಗೆದು, ಫಂಗಸ್ ಒರೆಸಿ, ಕಂಪ್ಯೂಟರಿಗೆ ಇಳಿಸಿ, ಒಂದು ರೂಪಾಯಿ ಆಸೆಯಿಲ್ಲದೆ ಯೂಟ್ಯೂಬಿಗೆ ಹಾಕಿದವರು ಅವರು. ಕಾಯ್ದೆಯ ಕಣ್ಣಿಗೆ ಅವರು ಉಲ್ಲಂಘನೆ ಮಾಡಿದವರು. ತಾಳಮದ್ದಳೆ ಕಲಾವಿದ ಶೇಣಿಯವರ ಅರ್ಥಗಾರಿಕೆಯನ್ನು ಮುಂದಿನ ಪೀಳಿಗೆಗೆ ಉಳಿಸಿಕೊಟ್ಟವರನ್ನು ಹಾಗೆ ಕರೆಯಲು ನನಗೆ ಮನಸ್ಸು ಬಾರದು. ಹಕ್ಕುದಾರರು ತೀರಿಕೊಂಡಿದ್ದರೆ ಅಥವಾ ಪತ್ತೆಯಾಗದಿದ್ದರೆ ಕಡ್ಡಾಯ ಪರವಾನಗಿ ಪಡೆಯಲು ಕಲಂ 31ಎ ದಾರಿ ಕೊಟ್ಟಿದೆ. ಅದರ ಅರ್ಜಿಗಳನ್ನು ನೋಡಬೇಕಿದ್ದ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿ ಕೆಲಸವನ್ನು ನ್ಯಾಯಾಲಯಗಳಿಗೆ ವಹಿಸಿತು. ಒಂದು ಹಳೆಯ ಭಜನೆ ಕ್ಯಾಸೆಟ್ಟಿಗಾಗಿ ಯಾರು ವಕೀಲರನ್ನಿಟ್ಟು ನ್ಯಾಯಾಲಯಕ್ಕೆ ಹೋದಾರು?

ಹಣದ ಬಗ್ಗೆ ಇನ್ನೊಂದು ಮಾತು ಹೇಳಬೇಕು. 2024ರಿಂದ ಸ್ಪಾಟಿಫೈ ಒಂದು ನಿಯಮ ಮಾಡಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ರಾಯಧನವಿಲ್ಲ. ಹಿಂದಿ, ಪಂಜಾಬಿ ಹಾಡುಗಳಿಗೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆ. ಕೊಡಗಿನ ಒಂದು ಹಾಡಿಗೆ, ಬೀದರಿನ ಒಂದು ತತ್ವಪದಕ್ಕೆ, ಒಂದು ಅಪರೂಪದ ಭಾವಗೀತೆಗೆ ಅದು ಎತ್ತರದ ಹೊಸ್ತಿಲು. ಒಂದೊಂದರ ಮೊತ್ತ ಪುಡಿಗಾಸು ನಿಜ. ಆದರೆ ಸಣ್ಣ ಭಾಷೆಯ ಸಣ್ಣ ಪ್ರಕಾರಗಳನ್ನು ಹೀಗೆ ಲೆಕ್ಕದ ಹೊರಗಿಡುವುದು ಅನ್ಯಾಯ.

ಓದುಗರಿಗೆ ನೇರವಾಗಿ ತಟ್ಟುವ ಒಂದೆರಡು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಮದುವೆ ಮೆರವಣಿಗೆಯಲ್ಲಿ, ಮದುವೆಯ ಸಂಭ್ರಮದ ಕೂಟದಲ್ಲಿ, ಧಾರ್ಮಿಕ ವಿಧಿಯಲ್ಲಿ ಹಾಡು ಹಾಕಲು ಯಾರ ಪರವಾನಗಿಯೂ ಬೇಡ. ಕಲಂ 52ರಲ್ಲೇ ವಿನಾಯಿತಿ ಇದೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಸ್ಪಷ್ಟಪಡಿಸಿ ಪ್ರಕಟಣೆಯನ್ನೂ ಹೊರಡಿಸಿತು. ಛತ್ರಕ್ಕೆ ಬಂದು ಶುಲ್ಕ ಕೇಳಿದರೆ ಕೊಡಬೇಕಾಗಿಲ್ಲ. ಆದರೆ ಅದೇ ಮದುವೆಯ ವಿಡಿಯೊಗೆ ಸಿನಿಮಾ ಹಾಡು ಕೂಡಿಸಿ ಅಂತರ್ಜಾಲಕ್ಕೆ ಏರಿಸಿದಿರಿ ಎನ್ನಿ, ಅದಕ್ಕೆ ಆ ವಿನಾಯಿತಿ ತಾಕುವುದಿಲ್ಲ. ‘ಹತ್ತು ಸೆಕೆಂಡಿನ ಒಳಗೆ ಬಳಸಿದರೆ ತೊಂದರೆಯಿಲ್ಲ’, ‘ಕೃಪೆ ಎಂದು ಹಾಕಿದರೆ ಸಾಕು’ ಎಂಬ ಮಾತುಗಳಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. 2022ರ ನವೆಂಬರಿನಲ್ಲಿ ಭಾರತ್ ಜೋಡೊ ಯಾತ್ರೆಯ ಚಿಕ್ಕ ವಿಡಿಯೊಗೆ ‘ಕೆಜಿಎಫ್ 2’ ಚಿತ್ರದ ಸಂಗೀತ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತಾದರೂ ವಿವಾದಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿತು.

ಈಗ ಇದೆಲ್ಲದರ ಮೇಲೆ ಕೃತಕ ಬುದ್ಧಿಮತ್ತೆ ಬಂದು ಕೂತಿದೆ. ತೀರಿಕೊಂಡ ಗಾಯಕರ ಧ್ವನಿಯನ್ನು ಮತ್ತೆ ಹುಟ್ಟಿಸುವುದು ಈಗ ಸುಲಭ. ತೆಲುಗಿನ ‘ಕೀಡಾ ಕೋಲಾ’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಒಪ್ಪಿಗೆಯಿಲ್ಲದೆ ಹಾಗೆ ಬಳಸಿದ್ದಾರೆಂದು ಮಗ ಚರಣ್ ನೋಟಿಸ್ ಕೊಟ್ಟರು. 2024ರಲ್ಲಿ ರೆಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕೆ ದಿವಂಗತರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ಧ್ವನಿ ಬಳಸಿದರು, ಮನೆಯವರ ಅನುಮತಿ ಪಡೆದು, ಸಂಭಾವನೆ ಕೊಟ್ಟು. ಎರಡು ಘಟನೆಗಳ ನಡುವಿನ ಅಂತರ ಯಾರಿಗಾದರೂ ತಿಳಿಯುತ್ತದೆ. ಆದರೆ ಧ್ವನಿಯೇ ಒಬ್ಬರ ಸ್ವತ್ತು ಎಂದು ಕೃತಿಸ್ವಾಮ್ಯ ಕಾಯ್ದೆ ಎಲ್ಲೂ ಹೇಳುವುದಿಲ್ಲ. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಅವರ ಧ್ವನಿಯ ನಕಲನ್ನು ಬಾಂಬೆ ಹೈಕೋರ್ಟ್ ತಡೆದದ್ದು ವ್ಯಕ್ತಿತ್ವದ ಹಕ್ಕಿನ ಆಧಾರದ ಮೇಲೆ. ಬೆಂಗಳೂರಿನ ಸುಗಮ ಸಂಗೀತ ಗಾಯಕರೊಬ್ಬರಿಗೆ ಮುಂಬೈ ತಾರೆಯಂತೆ ನ್ಯಾಯಾಲಯಕ್ಕೆ ಹೋಗುವ ಶಕ್ತಿ ಇರುತ್ತದೆಯೇ?

ಇನ್ನೊಂದು ಕಡೆ, ಹಾಡು ಹೊಸೆಯುವ ಯಂತ್ರಗಳು ಕಲಿತದ್ದು ಮನುಷ್ಯರು ಮಾಡಿದ ಹಾಡುಗಳಿಂದ. ಜರ್ಮನಿಯ ಕೃತಿಸ್ವಾಮ್ಯ ಸಂಘವಾದ ಗೇಮಾ ಓಪನ್‌ಎಐ ಮೇಲೆ ಹೂಡಿದ ದಾವೆಯಲ್ಲಿ 2025ರ ನವೆಂಬರಿನಲ್ಲಿ ಮ್ಯೂನಿಕ್ ನ್ಯಾಯಾಲಯ ಗೀತೆಗಳ ಸಾಹಿತ್ಯವನ್ನು ಪರವಾನಗಿಯಿಲ್ಲದೆ ಬಳಸಿದ್ದು ಉಲ್ಲಂಘನೆ ಎಂದಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಡಿಸೆಂಬರಿನಲ್ಲಿ ಬೇರೆ ದಾರಿ ಸೂಚಿಸಿದೆ: ಕೃತಿಗಳನ್ನು ಬಳಸಿ ಯಂತ್ರಕ್ಕೆ ಕಲಿಸಲು ಎಲ್ಲರಿಗೂ ಕಡ್ಡಾಯ ಪರವಾನಗಿ, ಪ್ರತಿಯಾಗಿ ಕೃತಿಕಾರರಿಗೆ ರಾಯಧನ. ಆ ರಾಯಧನ ಹಂಚುವಾಗಲೂ ಕೇಳುವ ಮೊದಲ ಪ್ರಶ್ನೆ, ಈ ಕೃತಿ ಯಾರ ಹೆಸರಿನಲ್ಲಿ ದಾಖಲಾಗಿದೆ ಎಂಬುದೇ. ಪಟ್ಟಿಯಲ್ಲಿ ಹೆಸರಿಲ್ಲದ ಕನ್ನಡ ಕವಿಗೆ ಅಲ್ಲಿಯೂ ಏನೂ ಸಿಗುವುದಿಲ್ಲ.

ಧ್ವನಿಮುದ್ರಣ ಕಂಪನಿಗಳನ್ನು ಶತ್ರುಗಳೆಂದು ನಾನು ನೋಡುವುದಿಲ್ಲ. ಲಾಭ ಸಿಗುವ ಖಾತ್ರಿಯಿಲ್ಲದ ಕಾಲದಲ್ಲಿ ಅವರು ಹಣ ಹಾಕಿ ಭಾವಗೀತೆ ಮುದ್ರಿಸದಿದ್ದರೆ ನಮಗೆ ಅನಂತಸ್ವಾಮಿಯವರ ಕಂಠ ಮನೆಮನೆಯಲ್ಲಿ ಸಿಗುತ್ತಿರಲಿಲ್ಲ. ಹಾಗೆಂದೇ ಅವರಿಂದ ಹೆಚ್ಚಿನದನ್ನು ನಿರೀಕ್ಷಿಸುತ್ತೇನೆ. ತಮ್ಮ ಬಳಿ ಇರುವ ಹಳೆಯ ಕ್ಯಾಸೆಟ್ಟುಗಳ ಇನ್‌ಲೇ ಕಾಗದಗಳನ್ನು ತೆಗೆದು, ಅದರಲ್ಲಿರುವ ಮೂರು ಹೆಸರುಗಳನ್ನು ಆ್ಯಪ್‌ಗಳಿಗೆ ಸರಿಯಾಗಿ ತುಂಬುವುದು ಅವರಿಗೆ ಕಷ್ಟದ ಕೆಲಸವಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಸಂಗೀತ ನೃತ್ಯ ಅಕಾಡೆಮಿ, ಜಾನಪದ ಅಕಾಡೆಮಿಗಳು ಕೂಡಿ ದಾಸರ ಪದ, ವಚನ, ಜನಪದ ಗೀತೆಗಳ ಒಂದು ಅಧಿಕೃತ ಪಟ್ಟಿ ಮಾಡಬೇಕು. ಸಾಹಿತ್ಯ ಯಾರದ್ದು, ಧಾಟಿ ಪಾರಂಪರಿಕವೋ ಯಾರಾದರೂ ಕೂಡಿಸಿದ್ದೋ, ಎಲ್ಲರ ಬಳಕೆಗೆ ಮುಕ್ತವೋ ಅಲ್ಲವೋ ಎಂಬುದು ಅದರಲ್ಲಿರಬೇಕು. ಸುಳ್ಳು ಹಕ್ಕಿನ ಸೂಚನೆ ಬಂದ ಗಾಯಕರು ಆ ಪಟ್ಟಿಯ ಪುಟವನ್ನು ತಕರಾರಿನ ಜೊತೆ ಲಗತ್ತಿಸುವಂತಾಗಬೇಕು. ನಾಡಗೀತೆಯ ಧಾಟಿ ಯಾವುದೆಂದು 2022ರಲ್ಲಿ ಆದೇಶ ಹೊರಡಿಸಿ, ಹೈಕೋರ್ಟಿನಲ್ಲಿ ಅದನ್ನು ಸಮರ್ಥಿಸಿಕೊಂಡ ಸರ್ಕಾರಕ್ಕೆ ಇದು ಆಗದ ಕೆಲಸವೇನಲ್ಲ.

ಕೊನೆಯದಾಗಿ ಕವಿಗಳ, ಸಂಗೀತ ಸಂಯೋಜಕರ ಮನೆಯವರಲ್ಲಿ ಒಂದು ವಿನಂತಿ. ನಿಮ್ಮ ತಂದೆ ತಾಯಿ ಬರೆದ, ಧಾಟಿ ಕೂಡಿಸಿದ ಹಾಡುಗಳ ಪಟ್ಟಿಯನ್ನು ಇಸವಿ ಸಮೇತ ಈಗಲೇ ಬರೆದಿಡಿ. ಹಳೆಯ ಒಪ್ಪಂದದ ಕಾಗದ, ಆಕಾಶವಾಣಿಯ ಕರೆಪತ್ರ, ಕ್ಯಾಸೆಟ್ಟಿನ ಹೊದಿಕೆ ಯಾವುದನ್ನೂ ರದ್ದಿಗೆ ಹಾಕಬೇಡಿ. ವಾರಸುದಾರರಾಗಿ ಐಪಿಆರ್‌ಎಸ್ ಸದಸ್ಯತ್ವ ಪಡೆಯಲು ಅವಕಾಶವಿದೆ, ಪಡೆದು ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. ಹಾಡಿ ಹಂಚಿಕೊಳ್ಳುವವರು ನೀವಾದರೆ, ವಿಡಿಯೊದ ಕೆಳಗೆ ನಿಮ್ಮ ಹೆಸರಿಗಿಂತ ಮೊದಲು ಬರೆದವರ ಹೆಸರನ್ನೂ ಧಾಟಿ ಕೂಡಿಸಿದವರ ಹೆಸರನ್ನೂ ಹಾಕಿ.